ಗಾಯ ಮುಚ್ಚಿದ ಚರ್ಮ, ತುಂಬದ ಎದೆ

ಮಾವಿನ ಗಿಡಕ್ಕೆ ಕಸಿ ಕಟ್ಟುವುದನ್ನು ಕಂಡವರಿಗೆ ಚರ್ಮದ ಕಸಿಯನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ತೊಡೆಯಿಂದ ತೆಳ್ಳಗೆ ಹೆರೆದ ಚರ್ಮವನ್ನು ಹಸಿ ಗಾಯದ ಮೇಲೆ ಹೊದಿಸಿದರೆ ಕೆಲವೇ ದಿನಗಳಲ್ಲಿ ಕೆಳಗಿನ ರಕ್ತನಾಳಗಳು ಅದರೊಳಕ್ಕೆ ಬೆಳೆದು ಚರ್ಮ ಅಲ್ಲೇ ಕಚ್ಚಿಕೊಳ್ಳುತ್ತದೆ. ಜರ್ಮನಿಯ ಕಾರ್ಲ್ ಥಿಯರ್ಶ್ 1874ರಲ್ಲಿ ವಿವರಿಸಿದ ಈ ವಿಧಾನ ಅಮೆರಿಕದ ಬಾಲ್ಟಿಮೋರ್ ನಗರದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್‌ಗೆ ಬಹಳ ಉಪಯೋಗಕ್ಕೆ ಬಂತು.

ಸ್ತನ ಕ್ಯಾನ್ಸರ್ ಕತ್ತರಿಸಿದ ಜಾಗದಲ್ಲೇ ಮತ್ತೆ ಮೊಳೆಯುವುದು ಆಗಿನ ದೊಡ್ಡ ಸಂಕಟ. ಹಾಲ್‌ಸ್ಟೆಡ್ ಸ್ತನದೊಂದಿಗೆ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳನ್ನೂ ತೆಗೆದುಹಾಕಿದರು. 1894ರಲ್ಲಿ ಅವರು ಪ್ರಕಟಿಸಿದ 50 ರೋಗಿಗಳ ವರದಿ ಜಗತ್ತನ್ನೇ ಒಪ್ಪಿಸಿತು. ಉಳಿದ ಅಗಲ ಗಾಯಕ್ಕೆ ಅವರು ತೊಡೆಯ ಚರ್ಮ ಹೊದಿಸುತ್ತಿದ್ದರು. ಗಾಯ ಮಾಯುತ್ತಿತ್ತು ನಿಜ; ಪಕ್ಕೆಲುಬುಗಳ ಮೇಲೆ ಕಾಗದದಂಥ ತೆಳು ಚರ್ಮವಷ್ಟೇ ಉಳಿಯುತ್ತಿತ್ತು.

ಇದೇ ಕಾಲದಲ್ಲಿ ಇಟಲಿಯ ಪಾವಿಯಾದಲ್ಲಿ ಇಜಿನಿಯೊ ತನ್ಸೀನಿ ಬೇರೊಂದು ದಾರಿ ಹುಡುಕಿದ್ದರು. ಬೆನ್ನಿನ ಚರ್ಮವನ್ನು ಪೂರ್ತಿ ಬೇರ್ಪಡಿಸದೆ, ಅಡಿಯ ಸ್ನಾಯು ಮತ್ತು ರಕ್ತನಾಳದ ಸಮೇತ ಎದೆಗೆ ತಿರುಗಿಸುವುದು ಅವರ ಉಪಾಯ. ತನ್ನ ರಕ್ತವನ್ನು ತಾನೇ ಹೊತ್ತು ತರುವ ಈ ತುಂಡಿಗೆ ದಪ್ಪವಿತ್ತು, ಜೀವವಿತ್ತು. 1906ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಹಾಲ್‌ಸ್ಟೆಡ್ ಇಂಥ ಜೋಡಣೆಗಳನ್ನು ಒಪ್ಪಲಿಲ್ಲ. ದಪ್ಪ ಹೊದಿಕೆಯಡಿ ಮರುಕಳಿಸಿದ ಗಂಟು ಕಾಣದೇ ಹೋದೀತು ಎಂಬ ಆತಂಕ ಅವರದು. ಎಕ್ಸ್‌ರೇ ಕೂಡ ಆಗಷ್ಟೇ ಬಂದಿದ್ದ ಕಾಲದಲ್ಲಿ ಈ ಆತಂಕ ಬುಡವಿಲ್ಲದ್ದೇನೂ ಅಲ್ಲ. ಆದರೆ 1922ರಲ್ಲಿ ಅವರು ತೀರಿಕೊಂಡ ಮೇಲೂ ದಶಕಗಳ ಕಾಲ ಆ ಮಾತೇ ಶಾಸನವಾಗಿ ಉಳಿಯಿತು. ಜೀವ ಉಳಿದಿದೆಯಲ್ಲ, ಇನ್ನೇನು ಬೇಕು ಎಂಬ ಧೋರಣೆಯೂ ಅದಕ್ಕೆ ಸೇರಿಕೊಂಡಿತು. ಕನ್ನಡಿಯ ಮುಂದೆ ನಿಲ್ಲಬೇಕಾದ ಹೆಂಗಸನ್ನು ಕೇಳಿದವರು ಕಡಿಮೆ. ತನ್ಸೀನಿಯ ವಿಧಾನ ಮರೆವಿಗೆ ಸರಿಯಿತು.

ಆ ಶಾಸನ ಸಡಿಲವಾದದ್ದು 1970ರ ದಶಕದಲ್ಲಿ. ಅಮೆರಿಕದ ಬರ್ನಾರ್ಡ್ ಫಿಷರ್ 1971ರಲ್ಲಿ ಆರಂಭಿಸಿದ ಹೋಲಿಕೆಯ ಅಧ್ಯಯನದಲ್ಲಿ, ಎದೆಯ ಸ್ನಾಯುಗಳನ್ನು ಉಳಿಸಿದರೂ ರೋಗಿಗಳ ಆಯುಷ್ಯದಲ್ಲಿ ವ್ಯತ್ಯಾಸವಾಗದೆಂಬುದು ಸ್ಪಷ್ಟವಾಯಿತು. 1976ರಲ್ಲಿ ಜರ್ಮನಿಯ ನೇವೆನ್ ಒಲಿವಾರಿ ಬೆನ್ನಿನ ಸ್ನಾಯುವಿನ ವಿಧಾನವನ್ನು ಮತ್ತೆ ಮುಂದಿಟ್ಟರು. 1982ರಲ್ಲಿ ಅಟ್ಲಾಂಟಾದ ಕಾರ್ಲ್ ಹಾರ್ಟ್‌ರಾಂಪ್ ಹೊಟ್ಟೆಯ ಕೆಳಭಾಗದ ಚರ್ಮ ಮತ್ತು ಕೊಬ್ಬಿನಿಂದ ಸ್ತನ ರೂಪಿಸುವುದನ್ನು ವಿವರಿಸಿದರು.

ತೊಡೆಯ ಚರ್ಮ ಮಾತ್ರ ಈ ಕಥೆಯಿಂದ ಪೂರ್ತಿ ಹೊರಬಿದ್ದಿಲ್ಲ. ಹೀಗೆ ಕಟ್ಟಿದ ಸ್ತನದ ಮೇಲೆ ತೊಟ್ಟಿನ ಸುತ್ತಲಿನ ಕಪ್ಪು ವರ್ತುಲ ಮೂಡಿಸಲು ಕೆಲವು ಶಸ್ತ್ರವೈದ್ಯರು ತೊಡೆಸಂದಿನ ತುಸು ಗಾಢ ಬಣ್ಣದ ಚರ್ಮವನ್ನು ರೂಪಾಯಿಯಗಲ ಕತ್ತರಿಸಿ ಕಸಿ ಮಾಡುತ್ತಾರೆ.