ಉಸ್ತಾದರ ಪೆಟ್ಟು, ಕಂಪ್ಯೂಟರಿನ ಚೌಕ

ದಫ್ ಸದ್ದು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆದರೆ ಇವತ್ತು ಮೊಬೈಲಿನಲ್ಲಿ ಒಂದು ಬ್ಯಾರಿ ಹಾಡು ಬಂದರೆ, ಅದರ ಹಿಂದಿನ ಪೆಟ್ಟು ಕೈಯದ್ದೋ ಕಂಪ್ಯೂಟರಿನದ್ದೋ ಎಂದು ಯೋಚಿಸುವವರೂ ಕಡಿಮೆ. ಆ ಕಂಪ್ಯೂಟರ್ ಪೆಟ್ಟಿಗೂ ಒಂದು ಚರಿತ್ರೆ ಇದೆ. ನಾನು ಅದನ್ನು ಹುಡುಕಿ ಓದಲು ಕಾರಣವಾದದ್ದು ನನ್ನದೇ ಒಂದು ತಪ್ಪು.

ಸುಮಾರು 15 ವರ್ಷದ ಹಿಂದೆ ಮಂಜೇಶ್ವರದ ನಮ್ಮ ಮನೆಗೆ ದಫ್ ಕಲಿಸುವ ಹಿರಿಯ ಉಸ್ತಾದರೊಬ್ಬರನ್ನು ಕರೆಸಿದ್ದೆ. ಕಂಪ್ಯೂಟರಿಗೆ ಜೋಡಿಸಿದ ರಬ್ಬರ್ ಪ್ಯಾಡಿನ ಮೇಲೆ ಬಾರಿಸಲು ಹೇಳಿದೆ. ಅವರು ನಗುತ್ತಲೇ ಬೆರಳಲ್ಲಿ ಬಾರಿಸಿದರು. ಪ್ರತಿ ಪೆಟ್ಟೂ ಪರದೆಯ ಮೇಲೆ ಸಣ್ಣ ಪಟ್ಟಿಯಾಗಿ ಮೂಡಿತು. ಕೆಲವು ಗೆರೆಗಿಂತ ತುಸು ಮುಂಚೆ, ಕೆಲವು ತುಸು ತಡವಾಗಿ. ನನ್ನ ಕಣ್ಣಿಗೆ ಅದು ತಪ್ಪಾಗಿ ಕಂಡಿತು. ಕ್ವಾಂಟೈಸ್ ಒತ್ತಿದೆ. ಎಲ್ಲ ಪಟ್ಟಿಗಳೂ ಗೆರೆಗೆ ಹೋಗಿ ಅಂಟಿಕೊಂಡವು. ಅದೇ ಫೈಲಿನ ಮೇಲೆ ಸೇವ್ ಮಾಡಿದೆ.

ಮರುದಿನ ಉಸ್ತಾದರು ಕೇಳಿದರು. "ಮೋನೇ, ಇದು ಬಾರಿಸಿದ್ದು ಯಾರು?" ಎಂದರು. ತಮಾಷೆ ಎಂದುಕೊಂಡೆ. ಈಗ ಉಸ್ತಾದರಿಲ್ಲ. ಅವರ ಕೈಯ ಗುರುತು ಎಂದು ನನ್ನಲ್ಲಿ ಉಳಿದಿರುವುದು ಆ ತಿದ್ದಿದ ಫೈಲು ಮಾತ್ರ.

ಪೆಟ್ಟಿಗೊಂದು ಜಾಗ ಗುರುತಿಸಿ ಯಂತ್ರದಿಂದ ಬಾರಿಸುವ ಯೋಚನೆ ಬಹಳ ಹಳೆಯದು. 9ನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಸಹೋದರರು ನೀರಿನ ಬಲದಿಂದ ತಾನಾಗಿ ನುಡಿಯುವ ವಾದ್ಯವೊಂದನ್ನು ವಿವರಿಸಿದ್ದಾರೆ. ತಿರುಗುವ ಉರುಳೆಯ ಮೇಲಿನ ಮೊಳೆಗಳು ಯಾವ ಸ್ವರ ಯಾವಾಗ ಎಂದು ಹೇಳುತ್ತಿದ್ದವು. ಈಗ ಟರ್ಕಿಯಲ್ಲಿರುವ ದಿಯಾರ್‌ಬಕಿರಿನ ಆಸ್ಥಾನದಲ್ಲಿದ್ದ ಅಲ್-ಜಝರಿ 1206ರಲ್ಲಿ ಮುಗಿಸಿದ ಯಂತ್ರಗಳ ಗ್ರಂಥದಲ್ಲಿ ವಾದಕ ಗೊಂಬೆಗಳು ಕೂತ ದೋಣಿಯೊಂದು ಬರುತ್ತದೆ. ಉರುಳೆ ತಿರುಗಿದಂತೆ ಗೂಟಗಳು ಸನ್ನೆಗಳನ್ನು ತಾಗುತ್ತವೆ, ಗೊಂಬೆಯ ಕೈ ಆಡುತ್ತದೆ. ಗೂಟದ ಜಾಗ ಬದಲಾದರೆ ತಾಳವೂ ಬದಲಾಗುತ್ತದೆ.

1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ತಂದ ಟಿಆರ್-808 ಯಂತ್ರದಲ್ಲಿ ಒಂದೇ ಸಾಲಿಗೆ 16 ಗುಂಡಿಗಳಿದ್ದವು. ಒತ್ತಿದ ಗುಂಡಿಯ ಜಾಗದಲ್ಲಿ ಪೆಟ್ಟು, ಒತ್ತದಿದ್ದಲ್ಲಿ ಮೌನ. ಅಲ್-ಜಝರಿಯ ಗೂಟ ಇಲ್ಲಿ ಗುಂಡಿಯಾಗಿತ್ತು. 1982ರಲ್ಲಿ ಬೊಂಬಾಯಿಯ ಸಿನಿಮಾ ವಾದಕ ಚರಣ್‌ಜಿತ್ ಸಿಂಗ್ ಇದೇ ಯಂತ್ರದ ತಾಳಕ್ಕೆ ಹತ್ತು ರಾಗಗಳನ್ನು ನುಡಿಸಿ ಒಂದು ಎಲ್‌ಪಿ ತಂದರು. ಆಗ ಮಿಡಿ ಇನ್ನೂ ಬಂದಿರಲಿಲ್ಲ.

ಮಿಡಿ ಬಂದದ್ದು 1983ರಲ್ಲಿ. ಅಮೆರಿಕದ ಡೇವ್ ಸ್ಮಿತ್ ಮತ್ತು ರೋಲ್ಯಾಂಡಿನ ಇಕುತಾರೊ ಕಾಕೆಹಾಶಿ ಇದರ ಹಿಂದಿದ್ದ ಮುಖ್ಯರು. ಬೇರೆ ಬೇರೆ ಕಂಪನಿಯ ವಾದ್ಯಗಳು ಒಂದೇ ಭಾಷೆ ಆಡಬೇಕು ಎಂಬುದು ಅವರ ಉದ್ದೇಶ. ಮಿಡಿ ಸದ್ದನ್ನು ಸಾಗಿಸುವುದಿಲ್ಲ. ಅಂಗಡಿಗೆ ಕಳಿಸುವ ಚೀಟಿಯ ಹಾಗೆ ಅದು: ಯಾವ ಸ್ವರ, ಎಷ್ಟು ಬಲ, ಯಾವಾಗ ಬಿಡಬೇಕು, ಇಷ್ಟೇ. ಬಲಕ್ಕೆ 1ರಿಂದ 127ರವರೆಗಿನ ಅಂಕೆ. ಚೀಟಿಯಾದ್ದರಿಂದಲೇ ಅದನ್ನು ತಿದ್ದುವುದೂ ಸುಲಭ.

ತಿದ್ದುವ ಕೆಲಸ ಪರದೆಗೆ ಬಂತು. 1985ರ ಅಟಾರಿ ಎಸ್‌ಟಿ ಕಂಪ್ಯೂಟರಿನಲ್ಲೇ ಮಿಡಿ ತೂತುಗಳಿದ್ದವು. 1989ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿಯ ಕ್ಯೂಬೇಸ್ ಅದರ ಮೇಲೆ ಬಂತು. ಒಂದರ ಕೆಳಗೊಂದು ಟ್ರ್ಯಾಕ್, ಎಡದಿಂದ ಬಲಕ್ಕೆ ಕಾಲ, ತುಂಡರಿಸಬಹುದು, ಅಂಟಿಸಬಹುದು. 1997ರ ಕೊನೆಗೆ ಬೆಲ್ಜಿಯಂನಿಂದ ಫ್ರೂಟಿಲೂಪ್ಸ್ ಬಂತು. 808ರ ಗುಂಡಿಗಳು ಅದರಲ್ಲಿ ಪರದೆಯ ಚೌಕಗಳಾದವು. ಈಗ ಅದರ ಹೆಸರು ಎಫ್‌ಎಲ್ ಸ್ಟುಡಿಯೊ.

ಇಷ್ಟು ಓದಿದ ಮೇಲೆ ನನ್ನ ತಪ್ಪು ಅರ್ಥವಾಯಿತು. ಎಫ್‌ಎಲ್ ಸ್ಟುಡಿಯೊ ಸಾಮಾನ್ಯವಾಗಿ ಒಂದು ಮಾತ್ರೆಯನ್ನು 96 ಪಾಲು ಮಾಡುತ್ತದೆ. ಒಂದು ಚೌಕಕ್ಕೆ 24 ಪಾಲು. ಉಸ್ತಾದರ ಪೆಟ್ಟು ಚೌಕದ ಗೆರೆಗಿಂತ ಮೂರು ನಾಲ್ಕು ಪಾಲು ಆಚೀಚೆ ಇದ್ದದ್ದು ಕೈ ತಪ್ಪಿ ಅಲ್ಲ. ಅದೇ ಅವರ ನಡೆ. ನಾನು ಅಳಿಸಿದ್ದು ಅದನ್ನೇ. ಅವರ ಹಾಡಿನ ಎಣಿಕೆ ಆರರದ್ದು. 16 ಚೌಕದಲ್ಲಿ ಅದು ಎರಡು ಸುತ್ತು ಹೋಗಿ ಮೂರನೆಯದರ ನಡುವೆ ತುಂಡಾಗುತ್ತದೆ. ಸಾಲನ್ನು 12ಕ್ಕೆ ನಿಲ್ಲಿಸಿದರೆ ಸರಿಯಾಗಿ ಕೂರುತ್ತದೆ. ಹಾಗೆ ನಿಲ್ಲಿಸುವ ದಾರಿ 808ರಲ್ಲೂ ಇತ್ತು. ಯಂತ್ರ ಬೇಡ ಎನ್ನಲಿಲ್ಲ, ನಾನು ಕೇಳಲಿಲ್ಲ.

ನಿಮ್ಮ ಮನೆಯಲ್ಲೋ ಜಮಾಅತಿನಲ್ಲೋ ದಫ್ ಬಲ್ಲ ಹಿರಿಯರಿದ್ದರೆ ಈ ವರ್ಷವೇ ರೆಕಾರ್ಡ್ ಮಾಡಿ. ಮೊದಲು ಮೈಕಿನಲ್ಲಿ, ಆಮೇಲೆ ಬೇಕಿದ್ದರೆ ಪ್ಯಾಡಿನಲ್ಲಿ. ಮೂಲ ಫೈಲಿಗೆ ಅವರ ಹೆಸರು, ಊರು, ತಾರೀಕು ಬರೆದು ಬೇರೆ ಇಡಿ. ತಿದ್ದುವುದೆಲ್ಲ ಅದರ ನಕಲಿನಲ್ಲಿ ಮಾಡಿ. ಕ್ವಾಂಟೈಸ್ ಬೇಕೇಬೇಕೆಂದರೆ ಪೂರ್ತಿ ಎಳೆಯದೆ ಅರ್ಧಕ್ಕೆ ನಿಲ್ಲಿಸಿ. ಕೊನೆಗೆ ಅವರನ್ನೇ ಪಕ್ಕದಲ್ಲಿ ಕೂರಿಸಿ ಕೇಳಿಸಿ. ಬಾರಿಸಿದ್ದು ಯಾರು ಎಂದು ಅವರು ಕೇಳಿದರೆ, ನನ್ನ ಹಾಗೆ ನಗಬೇಡಿ.