ಕರೆಯೋ ಜೋಡಣೆಯೋ: ವ್ಯಾಪಾರಿಯನ್ನು ತಲುಪುವ ಯಂತ್ರ ಮತ್ತು ಫೋನ್ ಎತ್ತುವವರ ಶ್ರಮ

2018ರ ಮೇ 8ರಂದು ಗೂಗಲ್‌ನ ವಾರ್ಷಿಕ ಸಮಾವೇಶದಲ್ಲಿ ಕಂಪನಿಯ ಸಿಇಒ ಸುಂದರ್ ಪಿಚೈ ಎರಡು ಫೋನ್ ಕರೆಗಳ ಧ್ವನಿಮುದ್ರಣ ಕೇಳಿಸಿದರು. ಗ್ರಾಹಕನ ಪರವಾಗಿ ಬುಕಿಂಗ್ ಮಾಡಲು ಕರೆ ಮಾಡಿದ್ದು ಡುಪ್ಲೆಕ್ಸ್ ಎಂಬ ತಂತ್ರಾಂಶ. ಅಮೆರಿಕದ ಸಣ್ಣ ವ್ಯಾಪಾರಗಳ ಪೈಕಿ ಶೇ. 60ರಷ್ಟಕ್ಕೆ ಆನ್‌ಲೈನ್ ಬುಕಿಂಗ್ ಇಲ್ಲವೆಂದು ಅವರು ಕಾರಣ ಕೊಟ್ಟರು. ಬುಕಿಂಗ್ ತಂತ್ರಾಂಶ ಇಲ್ಲದ ಅಂಗಡಿಯಲ್ಲೂ ಫೋನ್ ಇರುತ್ತದೆ ಎಂಬ ಈ ತರ್ಕ ಸರಿಯೇ. ಆದರೆ ಆ ಫೋನ್ ಎತ್ತುವವರ ಸಮಯಕ್ಕೆ ಅದರಲ್ಲಿ ಬೆಲೆ ಕಟ್ಟಿಲ್ಲ.

ಎರಡನೆಯ ಕರೆ ಹೋದದ್ದು ಒಂದು ರೆಸ್ಟೋರೆಂಟಿಗೆ. ಯಂತ್ರ ಏಳನೇ ತಾರೀಖು, ಬುಧವಾರ ಎಂದರೆ, ಅತ್ತಲಿನ ಮಹಿಳೆ ಏಳು ಜನವೇ ಎಂದು ಕೇಳುತ್ತಾರೆ. ನಾಲ್ಕು ಜನ ಎಂದು ತಿಳಿದ ಮೇಲೆ, ಐದು ಜನರಿಗಿಂತ ಕಡಿಮೆಯಿದ್ದರೆ ಟೇಬಲ್ ಕಾಯ್ದಿರಿಸುವುದಿಲ್ಲ, ಸುಮ್ಮನೆ ಬನ್ನಿ ಎನ್ನುತ್ತಾರೆ. ಯಂತ್ರ ಅಷ್ಟಕ್ಕೇ ಬಿಡದೆ, ಸಾಮಾನ್ಯವಾಗಿ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂದು ವಿಚಾರಿಸುತ್ತದೆ. ಆ ದಿನ ಅಷ್ಟೇನೂ ಜನರಿರುವುದಿಲ್ಲ ಎಂಬ ಉತ್ತರ ಸಿಗುತ್ತದೆ. ಬುಕಿಂಗ್ ಆಗಲಿಲ್ಲ, ಗ್ರಾಹಕನ ಕೆಲಸ ಆಯಿತು. ಇಂಥ ಉತ್ತರ ಯಾವ ಬುಕಿಂಗ್ ತಂತ್ರಾಂಶದ ಕೋಷ್ಟಕದಲ್ಲೂ ಸುಲಭಕ್ಕೆ ಕೂರುವುದಿಲ್ಲ. ಕರೆಯ ನಿಜವಾದ ಬಲವಿರುವುದು ಇಲ್ಲಿಯೇ ಎಂದು ನನ್ನ ವಾದ.

ಫೋನ್ ಮಾಡದೆ ವ್ಯಾಪಾರಿಯ ತಂತ್ರಾಂಶಕ್ಕೇ ನೇರವಾಗಿ ಬೆಸೆದುಕೊಳ್ಳುವ ಜೋಡಣೆಯ ಬಲ ಬೇರೆ. 1998ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಓಪನ್‌ಟೇಬಲ್ ರೆಸ್ಟೋರೆಂಟಿನ ಕಾಯ್ದಿರಿಸುವ ಪುಸ್ತಕವನ್ನೇ ಕಂಪ್ಯೂಟರಿಗೆ ತಂದಿತು. ಗ್ರಾಹಕನೂ ಮಾಲೀಕನೂ ನೋಡುವುದು ಒಂದೇ ದಾಖಲೆ, ಆದ್ದರಿಂದ ಒಂದು ಟೇಬಲ್ ಇಬ್ಬರಿಗೆ ಹೋಗುವ ಭಯ ಕಡಿಮೆ. ಇದಕ್ಕೆ ಮಾಲೀಕ ಚಂದಾ ಕಟ್ಟಬೇಕು, ಬಂದ ಅತಿಥಿಗಳ ಲೆಕ್ಕದಲ್ಲೂ ಶುಲ್ಕ ತೆರಬೇಕು. ಜೋಡಣೆಯ ಖರ್ಚು ಬಿಲ್ಲಿನಲ್ಲಿ ಕಾಣುತ್ತದೆ, ಬೇಡವೆನಿಸಿದರೆ ಆತ ಅದನ್ನು ನಿಲ್ಲಿಸಬಹುದು. ಯಂತ್ರದ ಕರೆಯ ಖರ್ಚು ಊಟದ ಹೊತ್ತಿನ ಗದ್ದಲದಲ್ಲಿ ಫೋನ್ ಎತ್ತಿದ ನೌಕರರ ಮೇಲೆ ಬೀಳುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಬರೆಯುವುದಿಲ್ಲ.

ಯಂತ್ರದ ಹಿಂದೆಯೂ ಮನುಷ್ಯರಿದ್ದರು. ಡುಪ್ಲೆಕ್ಸ್ ಕರೆಗಳಲ್ಲಿ ಸುಮಾರು ಶೇ. 25ರಷ್ಟನ್ನು ಕಾಲ್ ಸೆಂಟರಿನ ಸಿಬ್ಬಂದಿಯೇ ಆರಂಭಿಸುತ್ತಿದ್ದರು, ಯಂತ್ರ ಆರಂಭಿಸಿದವುಗಳಲ್ಲಿ ಸುಮಾರು ಶೇ. 15ರಷ್ಟಕ್ಕೆ ಮನುಷ್ಯರ ನೆರವು ಬೇಕಾಗುತ್ತಿತ್ತು ಎಂದು 2019ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಮಾತಿನ ನಡುವೆ 'ಹ್ಞೂಂ' ಎನ್ನುವ ಯಂತ್ರ ತಾನು ಯಂತ್ರವೆಂದು ಹೇಳಬೇಡವೇ ಎಂಬ ಟೀಕೆ ಮೊದಲ ದಿನದಿಂದಲೇ ಎದ್ದಿತ್ತು, ಕಂಪನಿ ಹಾಗೆ ಹೇಳಿಸಲು ಒಪ್ಪಿತು. ಅತ್ತ ಇರುವುದು ಯಾರೆಂದು ತಿಳಿಯುವುದು ಫೋನ್ ಎತ್ತಿದವರ ಹಕ್ಕು. ಈ ವಿಷಯದಲ್ಲಿ ರಾಜಿ ಸಲ್ಲದು.

ಜೋಡಣೆ ಎಂದರೆ ದೊಡ್ಡ ವೇದಿಕೆಯ ಅಡಿಯಾಳಾಗುವುದೇ ಆಗಬೇಕಿಲ್ಲ. 2022ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನಮ್ಮ ಯಾತ್ರಿ, ಬೆಕನ್ ಎಂಬ ಮುಕ್ತ ಪ್ರೋಟೋಕಾಲ್ ಬಳಸಿ, ಆಟೋ ಚಾಲಕರಿಂದ ಕಮಿಷನ್ ಪಡೆಯದೆಯೇ ಸವಾರಿ ಹೊಂದಿಸಿತು. ದಾಖಲೆ ಬೇಕಾದ ವ್ಯವಹಾರಕ್ಕೆ ಈ ದಾರಿಯೇ ಮೇಲು.

ಕರೆಗೆ ಉಳಿಯುವ ಜಾಗವನ್ನು ಡುಪ್ಲೆಕ್ಸ್‌ನ ಇನ್ನೊಂದು ಬಳಕೆ ತೋರಿಸುತ್ತದೆ. 2020ರ ಕೋವಿಡ್ ಕಾಲದಲ್ಲಿ ಅದು ಅಂಗಡಿಗಳಿಗೆ ಫೋನ್ ಮಾಡಿ ತೆರೆದಿರುವ ವೇಳೆಯನ್ನು ಕೇಳಿ ಗೂಗಲ್ ನಕ್ಷೆಯಲ್ಲಿ ತಿದ್ದುತ್ತಿತ್ತು. ಅಂಗಡಿಯವರು ಒಮ್ಮೆ ಕೊಟ್ಟ ಉತ್ತರ ನಕ್ಷೆ ನೋಡಿದ ಎಲ್ಲರಿಗೂ ಸಿಕ್ಕಿತು. ಅದೇ ಪ್ರಶ್ನೆಗೆ ಅವರು ಮತ್ತೆ ಮತ್ತೆ ಫೋನ್ ಎತ್ತುವುದು ತಪ್ಪಿತು.