ವಿಳಾಸ ಸರ್ವರ್ ಸಿಗದಾಗ ಸ್ಥಳೀಯ ಜಾಲ

ಒಂದು ಕಟ್ಟಡದ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾಗಳಿಗೆ ಐಪಿ ವಿಳಾಸ ಹಂಚುವ ಸರ್ವರ್ ಕೈಕೊಟ್ಟಾಗಲೂ ಅವು ಪರಸ್ಪರ ಸಂಪರ್ಕದಲ್ಲಿ ಉಳಿಯುವಂತೆ ಮಾಡುವ ಏರ್ಪಾಡು. ವಿಳಾಸ ಹಂಚುವ ಸರ್ವರಿಗೆ ತಂತ್ರಜ್ಞರ ಮಾತಿನಲ್ಲಿ ಡಿಎಚ್‌ಸಿಪಿ ಸರ್ವರ್ ಎಂದು ಹೆಸರು. ಅದರ ನಿಯಮಗಳು 1997ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 2131 ಎಂಬ ದಾಖಲೆಯಾಗಿ ಹೊರಬಂದವು. ಮನೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಇದಕ್ಕೆ ಬೇರೆ ಯಂತ್ರವಿರುವುದಿಲ್ಲ. ವೈಫೈ ರೂಟರೇ ಈ ಕೆಲಸವನ್ನೂ ಮಾಡುತ್ತದೆ.

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವ ಊಟಿ ರಸ್ತೆಯಲ್ಲಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ ಕವಲೊಡೆಯುವ ಹೋಬಳಿ ಕೇಂದ್ರ ಹಂಗಳ. ಇಂಥ ಊರುಗಳಿಗೆ ಈ ವಿಷಯ ನಗರಗಳಿಗಿಂತ ಹೆಚ್ಚು ಮುಖ್ಯ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಮೊದಲ ಹಂತದಲ್ಲಿ ಫೈಬರ್ ಎಳೆ ತಾಲ್ಲೂಕು ಮಟ್ಟದ ಉಪಕರಣದಿಂದ ಹೊರಟು ಗ್ರಾಮ ಪಂಚಾಯಿತಿಯ ಪೆಟ್ಟಿಗೆಗೆ ಬಂದು ಮುಗಿಯುತ್ತದೆ. ರಸ್ತೆ ಬದಿಯಲ್ಲಿ ಜೆಸಿಬಿಯ ಹಲ್ಲು ಆ ಎಳೆಗೆ ತಾಗಿದರೆ ಊರಿನ ಇಂಟರ್ನೆಟ್ ನಿಲ್ಲುತ್ತದೆ. ಆದರೆ ಮೇಜಿನ ಮೇಲಿನ ಕಂಪ್ಯೂಟರ್ ಪಕ್ಕದ ಪ್ರಿಂಟರಿಗೆ ಕಾಗದ ಕಳಿಸುವುದೂ ಅದರ ಜೊತೆ ನಿಲ್ಲಬೇಕಾಗಿಲ್ಲ. ನಿಂತರೆ ತಪ್ಪು ಫೈಬರಿನದಲ್ಲ, ವಿಳಾಸದ ವ್ಯವಸ್ಥೆಯದು.

ಸರ್ವರ್ ಕೊಡುವ ವಿಳಾಸ ಶಾಶ್ವತವಲ್ಲ, ಅದಕ್ಕೊಂದು ಅವಧಿಯ ಲೀಸ್ ಇರುತ್ತದೆ. ಲೀಸ್ 24 ಗಂಟೆಯದಾದರೆ 12ನೇ ಗಂಟೆಗೆ ಕಂಪ್ಯೂಟರ್ ತನಗೆ ವಿಳಾಸ ಕೊಟ್ಟ ಸರ್ವರನ್ನೇ ನವೀಕರಣಕ್ಕೆ ಕೇಳುತ್ತದೆ. 21ನೇ ಗಂಟೆಯ ಹೊತ್ತಿಗೂ ಉತ್ತರ ಬಾರದಿದ್ದರೆ ಜಾಲದಲ್ಲಿರುವ ಯಾವ ಸರ್ವರನ್ನಾದರೂ ಕೇಳತೊಡಗುತ್ತದೆ. ಲೀಸ್ ಮುಗಿಯುವವರೆಗೆ ಹಳೆಯ ವಿಳಾಸ ನಡೆಯುತ್ತದೆ, ಮುಗಿದ ಕ್ಷಣಕ್ಕೆ ಬಿಡಬೇಕು. ಹಾಗಾಗಿ ಸರ್ವರ್ ಕೆಟ್ಟ ಹೊತ್ತಿನಲ್ಲಿ ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ’ ಎಂಬ ಎಲ್ಲರ ಸಲಹೆ ಕೆಟ್ಟ ಸಲಹೆ. ಮತ್ತೆ ಶುರುವಾದ ವಿಂಡೋಸ್ ಯಂತ್ರಕ್ಕೆ ಸರ್ವರೂ ಸಿಗದೆ, ಗೇಟ್‌ವೇ ಆಗಿರುವ ರೂಟರಿನಿಂದಲೂ ಉತ್ತರ ಬಾರದೆ ಹೋದರೆ, ಇನ್ನೂ ಅವಧಿಯಿರುವ ವಿಳಾಸವನ್ನೂ ಅದು ಪಕ್ಕಕ್ಕಿಟ್ಟುಬಿಡುತ್ತದೆ.

ಆಗ ಯಂತ್ರ ತನಗೆ ತಾನೇ 169.254 ಎಂದು ಆರಂಭವಾಗುವ ವಿಳಾಸವೊಂದನ್ನು ಆರಿಸಿಕೊಳ್ಳುತ್ತದೆ. ವಿಂಡೋಸ್ 98ರ ಕಾಲದಿಂದ ಬಳಕೆಯಲ್ಲಿದ್ದ ಈ ಪದ್ಧತಿಯನ್ನು ಸ್ಟುವರ್ಟ್ ಚೆಷೈರ್, ಬರ್ನಾರ್ಡ್ ಅಬೋಬಾ, ಎರಿಕ್ ಗಟ್‌ಮನ್ 2005ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 3927ರಲ್ಲಿ ಪ್ರಮಾಣೀಕರಿಸಿದರು. ಆರಿಸಿಕೊಳ್ಳಲು 65,024 ವಿಳಾಸಗಳಿವೆ. ಒಂದನ್ನು ಯಾದೃಚ್ಛಿಕವಾಗಿ ಹಿಡಿದ ಯಂತ್ರ, ಅದು ಬೇರೆ ಯಾರದ್ದಾದರೂ ಆಗಿದೆಯೇ ಎಂದು ಜಾಲದಲ್ಲಿ ಮೂರು ಬಾರಿ ವಿಚಾರಿಸುತ್ತದೆ; ಯಾರೂ ಆಕ್ಷೇಪಿಸದಿದ್ದರೆ ಬಳಸುತ್ತದೆ. ವಿಂಡೋಸ್ ಐದೈದು ನಿಮಿಷಕ್ಕೆ ಸರ್ವರನ್ನು ಮತ್ತೆ ಹುಡುಕುತ್ತಿರುತ್ತದೆ. ಈ ವಿಳಾಸಗಳನ್ನು ರೂಟರ್ ದಾಟಿಸುವಂತಿಲ್ಲ. ಹೆಸರು ಹೇಳಿ ಯಂತ್ರ ಹುಡುಕಲು 2013ರಲ್ಲಿ ಪ್ರಮಾಣಿತವಾದ ಎಂಡಿಎನ್‌ಎಸ್ ಇದೆ, ಡಾಟ್ ಲೋಕಲ್ ಎಂದು ಕೊನೆಯಾಗುವ ಹೆಸರುಗಳು ಅದರವು. ಐಪಿಯ ಹೊಸ ಆವೃತ್ತಿಯಾದ ಐಪಿವಿ6ರಲ್ಲಂತೂ ಎಫ್‌ಇ80ರಿಂದ ಶುರುವಾಗುವ ಸ್ಥಳೀಯ ವಿಳಾಸ ಪ್ರತಿ ಸಾಧನಕ್ಕೂ ಸದಾ ಇದ್ದೇ ಇರುತ್ತದೆ, ಸರ್ವರ್ ಬೇಕಿಲ್ಲ.

ಕಾಗದದ ಮೇಲೆ ಸೊಗಸಾದ ಈ ಉಪಾಯ ಕಚೇರಿಯಲ್ಲಿ ಎಡವುವುದು ಪ್ರಿಂಟರಿನ ಬಳಿ. ಪ್ರಿಂಟರಿಗೆ ಯಾರೋ ಹಿಂದೆ 192.168.1.50 ಎಂದು ಕೈಯಿಂದ ವಿಳಾಸ ಬರೆದಿರುತ್ತಾರೆ, ಕಂಪ್ಯೂಟರ್ 169.254ಕ್ಕೆ ಜಾರಿರುತ್ತದೆ. ಒಂದೇ ಸ್ವಿಚ್ಚಿಗೆ ಎರಡೂ ಕೇಬಲ್ ಸಿಕ್ಕಿಸಿದ್ದರೂ ವಿಳಾಸದ ಗುಂಪು ಬೇರೆಯಾದ್ದರಿಂದ ಮಾತಿಲ್ಲ. ಪರಿಹಾರ ಸರಳ. ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಪರ್ಯಾಯ ವಿಳಾಸ ಬರೆಯುವ ಜಾಗವಿದೆ. ಸರ್ವರ್ ಸಿಗದಿದ್ದರೆ ಯಂತ್ರ 169.254ಕ್ಕೆ ಹೋಗದೆ ಅದನ್ನು ಹಿಡಿಯುತ್ತದೆ. ಪ್ರಿಂಟರಿನ ಗುಂಪಿನಲ್ಲೇ, ಸರ್ವರ್ ಹಂಚುವ ಸಾಲಿನ ಹೊರಗಿನ ಸಂಖ್ಯೆಯೊಂದನ್ನು ಪ್ರತಿ ಯಂತ್ರಕ್ಕೂ ಬೇರೆ ಬೇರೆಯಾಗಿ ಅಲ್ಲಿ ಬರೆದು, ಆ ಪಟ್ಟಿಯನ್ನು ಗೋಡೆಗೆ ಅಂಟಿಸಿದರಾಯಿತು.

ಇನ್ನೂ ಒಳ್ಳೆಯದು, ವಿಳಾಸ ಹಂಚುವ ಕೆಲಸವನ್ನು ಕಟ್ಟಡದೊಳಗೇ ಇಟ್ಟುಕೊಳ್ಳುವುದು. ತಾಲ್ಲೂಕಿನಾಚೆಯ ಸರ್ವರನ್ನು ನಂಬಿದ ಜಾಲ ಫೈಬರ್ ಕಡಿದಾಗ ವಿಳಾಸವನ್ನೂ ಕಳೆದುಕೊಳ್ಳುತ್ತದೆ. ರೂಟರಿನ ಪೋರ್ಟುಗಳನ್ನೇ ನೆಚ್ಚದೆ ಬೇರೆ ಸ್ವಿಚ್ ಹಾಕಿ ಅದಕ್ಕೂ ಯುಪಿಎಸ್ ಕೊಟ್ಟರೆ, ಕರೆಂಟ್ ಹೋದಾಗಲೂ ರೂಟರ್ ಸುಟ್ಟಾಗಲೂ ಒಳಗಿನ ಕೇಬಲ್ ಜೀವಂತ. ದೊಡ್ಡ ಕಚೇರಿಗಳಲ್ಲಿ ಎರಡು ಸರ್ವರ್ ಇಟ್ಟು ವಿಳಾಸದ ಸಾಲನ್ನು ಹಂಚುತ್ತಾರೆ. ಹಾಗೆಂದು ಸಿಕ್ಕ ಹಳೆಯ ರೂಟರನ್ನು ತಂದು ಸಿಕ್ಕಿಸುವುದು ಅಪಾಯ: ಎರಡು ಸರ್ವರುಗಳು ಬೇರೆ ಬೇರೆ ಗುಂಪಿನ ವಿಳಾಸ ಹಂಚಿದರೆ ಅರ್ಧ ಕಚೇರಿ ಇನ್ನರ್ಧಕ್ಕೆ ಕಾಣದಾಗುತ್ತದೆ.

ಹೀಗೆ ಉಳಿಯುವುದು ಪ್ರಿಂಟರ್, ಸ್ಕ್ಯಾನರ್, ಹಂಚಿಕೊಂಡ ಫೋಲ್ಡರ್, ಸಿಸಿಟಿವಿ, ಶಾಲೆಯ ಕಂಪ್ಯೂಟರ್ ಕೊಠಡಿ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಪಡಿತರದ ಬೆರಳಚ್ಚುಗಳಿಗೆ ಹೊರಗಿನ ದತ್ತಾಂಶ ಕೇಂದ್ರವೇ ಬೇಕು; ಫೈಬರ್ ಜೋಡಿಸುವವರೆಗೆ ಅವು ಕಾಯಲೇಬೇಕು.